ಆರೋಗ್ಯ ಅಂಗಳ: ಯಾವ ವಾಚು ಅಲ್ಲ, ಯಾರಿಗೆ ವಾಚು?

ದೀಪಾವಳಿಯ ಬೆನ್ನಿಗೇ ಥ್ಯಾಂಕ್ಸ್‌ಗಿವಿಂಗ್ ಸೇಲ್ ಬರುತ್ತದೆ. ಲಕ್ಷ್ಮೀಪೂಜೆ ಮಾಡಿ ಒಳಗೆ ಕರೆದುಕೊಂಡ ಲಕ್ಷ್ಮಿ ಕೆಲವೇ ವಾರಗಳಲ್ಲಿ ಕ್ರೆಡಿಟ್ ಕಾರ್ಡಿನ ಬಾಗಿಲಿನಿಂದ ಹೊರಟು ನಿಲ್ಲುತ್ತಾಳೆ. ಈಗ ಆ ಸೇಲ್ ಪಟ್ಟಿಯಲ್ಲಿ ಟಿವಿ, ಲ್ಯಾಪ್‌ಟಾಪ್‌ಗಳ ಜೊತೆ ಜಿಪಿಎಸ್ ವಾಚೂ ಸೇರಿಕೊಂಡಿದೆ. ಕೂಟದ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತರೆ ಸಾಕು, "ಓಡೋಕೆ, ನಡೆಯೋಕೆ ಯಾವ ವಾಚ್ ಒಳ್ಳೇದು?" ಎಂಬ ಪ್ರಶ್ನೆ ಬರುತ್ತದೆ. ನಾನು ಕೇಳುವ ಮರುಪ್ರಶ್ನೆ ಒಂದೇ: "ಯಾರಿಗೆ?"

ಇದು ಬರೀ ಶೋಕಿಯ ಮಾತಲ್ಲ. ನಮ್ಮ ದಕ್ಷಿಣ ಏಷ್ಯಾ ಮೂಲದವರಿಗೆ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಅದೂ ಬೇರೆಯವರಿಗಿಂತ ಚಿಕ್ಕ ವಯಸ್ಸಿಗೇ. ಮೌಂಟನ್ ವ್ಯೂನ ಎಲ್ ಕಮಿನೋ ಆಸ್ಪತ್ರೆಯಲ್ಲಿ 2006ರಲ್ಲಿ ಸೌತ್ ಏಷ್ಯನ್ ಹಾರ್ಟ್ ಸೆಂಟರ್ ಶುರುವಾದದ್ದು ಈ ಕಾರಣಕ್ಕೇ. ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್ಎಫ್ ಮತ್ತು ಶಿಕಾಗೋ ಕಡೆಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2010ರಲ್ಲಿ ನಮ್ಮವರ ಹೃದಯದ ಬಗ್ಗೆಯೇ ದೊಡ್ಡ ಅಧ್ಯಯನವೊಂದನ್ನು ಕೈಗೊಂಡರು. ಅದರ ಹೆಸರೂ 'ಮಸಾಲಾ'! ದಿನವಿಡೀ ಕಂಪ್ಯೂಟರ್ ಮುಂದೆ ಕೂತು, ಕಾರಿನಲ್ಲಿ 101, 880 ಹೆದ್ದಾರಿಗಳಲ್ಲಿ ಕೂತು, ಮನೆಗೆ ಬಂದು ಮತ್ತೆ ಕೂರುವ ನಮಗೆ ವೈದ್ಯರು ಹೇಳುವುದು ಸರಳ: ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ. ಅಂದರೆ ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನ. ಆ 150 ನಿಮಿಷ ನಿಜವಾಗಿ ಆಯಿತೇ, ಇಲ್ಲವೇ ಎಂದು ಲೆಕ್ಕ ಇಡುವುದೇ ವಾಚಿನ ಮುಖ್ಯ ಕೆಲಸ. ದಿನಕ್ಕೆ 10,000 ಹೆಜ್ಜೆ ಎಂಬ ಪ್ರಸಿದ್ಧ ಸಂಖ್ಯೆ ವೈದ್ಯಶಾಸ್ತ್ರದಿಂದ ಬಂದದ್ದಲ್ಲ; 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು. ಅಷ್ಟು ಆಗಲಿಲ್ಲವೆಂದು ಕೊರಗಬೇಕಾಗಿಲ್ಲ.

ಈ ಜಿಪಿಎಸ್‌ಗೂ ನಮ್ಮ ಬೇ ಏರಿಯಾಕ್ಕೂ ಹಳೆಯ ನಂಟು. ಅಮೆರಿಕದ ವಾಯುಪಡೆಯಲ್ಲಿ ಈ ಯೋಜನೆಯನ್ನು ಮುನ್ನಡೆಸಿದ ಬ್ರಾಡ್‌ಫರ್ಡ್ ಪಾರ್ಕಿನ್ಸನ್ ಆಮೇಲೆ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದರು. ಜಿಪಿಎಸ್ ಉಪಕರಣಗಳಿಗೆ ಹೆಸರಾದ ಟ್ರಿಂಬಲ್ ಕಂಪನಿ 1978ರಲ್ಲಿ ಹುಟ್ಟಿದ್ದು ಲಾಸ್ ಆಲ್ಟೋಸ್‌ನಲ್ಲಿ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ವಾಚಿಗೆ ತಾನು ಎಲ್ಲಿದ್ದೇನೆಂದು ಗೊತ್ತಾಗುತ್ತದೆ. 2000ದ ಮೇ ತಿಂಗಳವರೆಗೆ ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಸರ್ಕಾರವೇ ಬೇಕೆಂದು ಕೆಡಿಸಿ ಕಳಿಸುತ್ತಿತ್ತು. ನೂರು ಮೀಟರಿನಷ್ಟು ತಪ್ಪು ಸಹಜವಾಗಿತ್ತು. ಅದು ನಿಂತ ಮೇಲೆ, 2003ರಲ್ಲಿ ಗಾರ್ಮಿನ್ ಕಂಪನಿಯ ಮೊದಲ ಫೋರ್‌ರನ್ನರ್ ಕೈಗೆ ಬಂತು. ನಮ್ಮ ಇಸ್ರೋ ಕೂಡ 2013ರಿಂದ 'ನಾವಿಕ್' ಉಪಗ್ರಹಗಳನ್ನು ಹಾರಿಸುತ್ತಿದೆ. ಅವುಗಳ ಮೇಲ್ವಿಚಾರಣೆಯಲ್ಲಿ ಹಾಸನದ ಕೇಂದ್ರಕ್ಕೂ ಬೆಂಗಳೂರಿನ ಪಕ್ಕದ ಬ್ಯಾಲಾಳಿಗೂ ಪಾಲಿದೆ ಎಂಬುದು ನಮಗೆ ಹೆಮ್ಮೆ. ಆದರೆ ನಾವಿಕ್ ಇರುವುದು ಭಾರತ ಮತ್ತು ಅದರ ಸುತ್ತಮುತ್ತಲಿಗೆ. ಫ್ರೀಮಾಂಟಿನಲ್ಲಿ ಅದು ನಮ್ಮ ದಾರಿ ಕಾಯುವುದಿಲ್ಲ.

ವಾಚು ಎಷ್ಟು ಸರಿಯಾಗಿ ಅಳೆಯುತ್ತದೆ? ತೆರೆದ ಆಕಾಶವಿದ್ದರೆ ಚೆನ್ನಾಗಿಯೇ ಅಳೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಡೌನ್‌ಟೌನ್‌ನ ಎತ್ತರದ ಕಟ್ಟಡಗಳ ನಡುವೆ ಸಂಕೇತಗಳು ಗೋಡೆಗೆ ಬಡಿದು ಬರುವುದರಿಂದ ವಾಚಿಗೆ ದಿಕ್ಕು ತಪ್ಪುತ್ತದೆ. 1912ರಿಂದ ಇರುವ 'ಬೇ ಟು ಬ್ರೇಕರ್ಸ್' ಓಟ ಶುರುವಾಗುವುದೇ ಈ ಕಟ್ಟಡಗಳ ಬುಡದಲ್ಲಿ. ಓಟದ ದೂರ 12 ಕಿಲೋಮೀಟರ್. ಕೊನೆಯಲ್ಲಿ ಓಷನ್ ಬೀಚ್ ಬಳಿ ವಾಚು ಅದಕ್ಕಿಂತ ಹೆಚ್ಚು ತೋರಿಸಿದರೆ ಗಾಬರಿಯಾಗಬೇಡಿ. ಓಟದ ದಾರಿಯನ್ನು ಅತಿ ಹತ್ತಿರದ ಗೆರೆ ಹಿಡಿದು ಅಳೆದಿರುತ್ತಾರೆ. ನಾವು ಜನರ ನಡುವೆ ಅಡ್ಡಾದಿಡ್ಡಿ ಓಡಿರುತ್ತೇವೆ. 'ಡ್ಯೂಯಲ್ ಫ್ರೀಕ್ವೆನ್ಸಿ' ಎಂದು ಬರೆದಿರುವ ವಾಚುಗಳು ಎರಡು ಬಗೆಯ ಸಂಕೇತ ಹಿಡಿಯುವುದರಿಂದ ಕಟ್ಟಡ, ರೆಡ್‌ವುಡ್ ಮರಗಳ ನಡುವೆ ಅವುಗಳದ್ದು ಉತ್ತಮ ಲೆಕ್ಕ. ಆದರೆ ಬ್ಯಾಟರಿ ಬೇಗ ತಿನ್ನುತ್ತವೆ. ಯಾವ ವಾಚಾದರೂ ಸರಿ, ಮನೆಯ ಹೊರಗೆ ಬಂದು ಅದು ಉಪಗ್ರಹ ಹಿಡಿಯುವವರೆಗೆ ಅರ್ಧ ನಿಮಿಷ ತಾಳ್ಮೆಯಿಂದ ನಿಲ್ಲಿ. ಲೆಕ್ಕ ಸರಿಯೇ ಎಂದು ಪರೀಕ್ಷಿಸಬೇಕಿದ್ದರೆ ಸ್ಯಾನ್ ಮಟೇಯೋ ಬೆಟ್ಟಗಳ ಮಗ್ಗುಲಿನ ಸಾಯರ್ ಕ್ಯಾಂಪ್ ಟ್ರೇಲಿಗೆ ಹೋಗಿ. ದಾರಿಯುದ್ದಕ್ಕೂ ಮೈಲಿ ಗುರುತುಗಳಿವೆ.

ಈಗ "ಯಾರಿಗೆ?" ಎಂಬ ಪ್ರಶ್ನೆಗೆ ಬರೋಣ.

ನಡೆಯುವವರಿಗೆ: ಫ್ರೀಮಾಂಟಿನ ಲೇಕ್ ಎಲಿಜಬೆತ್ ಸುತ್ತುವವರಿಗೆ ದುಬಾರಿ ವಾಚು ಬೇಕಿಲ್ಲ. ಫೋನಿನ ಜಿಪಿಎಸ್ ಬಳಸಿಕೊಳ್ಳುವ ಅಗ್ಗದ ಬ್ಯಾಂಡ್ ಸಾಕು. ಫೋನ್ ಜೇಬಿನಲ್ಲಿರಬೇಕು, ಅಷ್ಟೇ.

ಓಡುವವರಿಗೆ: ಮುಟ್ಟುವ ಪರದೆಗಿಂತ ಗುಂಡಿಗಳಿರುವ ವಾಚು ವಾಸಿ, ಬೆವರಿದ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಬ್ಯಾಟರಿ ನೋಡುವಾಗ 'ಇಷ್ಟು ದಿನ' ಎಂಬ ದೊಡ್ಡ ಅಕ್ಷರ ಬಿಟ್ಟು, 'ಜಿಪಿಎಸ್ ಹಾಕಿದರೆ ಎಷ್ಟು ಗಂಟೆ' ಎಂಬ ಚಿಕ್ಕ ಅಕ್ಷರ ಓದಿ. ನೀವು ಮ್ಯಾರಥಾನ್ ಮುಗಿಸಲು ಬೇಕಾಗುವ ಸಮಯಕ್ಕಿಂತ ಅದು ಬಹಳ ಹೆಚ್ಚಿರಬೇಕು. ಮಿಷನ್ ಪೀಕ್ ಹತ್ತುವ ಚಟವಿದ್ದರೆ ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಇರುವುದನ್ನು ಆರಿಸಿ. ಹೊಸ ಮಾದರಿ ಬಂದಾಗ ಹಿಂದಿನ ವರ್ಷದ ಮಾದರಿ ಅಗ್ಗವಾಗುತ್ತದೆ. ನಮ್ಮಂಥವರಿಗೆ ಅದು ಧಾರಾಳವಾಯಿತು.

ಊರಿನಿಂದ ಬಂದ ಅಪ್ಪ-ಅಮ್ಮನಿಗೆ: ನನ್ನ ಮಟ್ಟಿಗೆ ಈ ವಾಚಿನ ಅತಿ ಹೆಚ್ಚಿನ ಉಪಯೋಗ ಇಲ್ಲೇ ಇದೆ. ಆರು ತಿಂಗಳಿಗೆಂದು ಬಂದವರಿಗೆ ಬೆಳಗಿನ ವಾಕಿಂಗ್ ಒಂದೇ ಸ್ವಾತಂತ್ರ್ಯ. ಊರಿನಲ್ಲಾದರೆ ಮೂಲೆ ಅಂಗಡಿ, ಅರಳೀಕಟ್ಟೆ, ಬಸ್ ಸ್ಟಾಪು ದಾರಿ ಹೇಳುತ್ತವೆ. ಇಲ್ಲಿ ಎಲ್ಲ ಬೀದಿಯೂ ಒಂದೇ ಥರ, ಎಲ್ಲ ಮನೆಯೂ ಒಂದೇ ಬಣ್ಣ, ದಾರಿ ಕೇಳೋಣವೆಂದರೆ ರಸ್ತೆಯಲ್ಲಿ ನರಪಿಳ್ಳೆಯಿಲ್ಲ. "ಈ ವಯಸ್ಸಿಗೆ ನಂಗ್ಯಾಕೋ ಇದೆಲ್ಲ?" ಎಂದು ಅಪ್ಪ ಅನ್ನುತ್ತಾರೆ, ಅನ್ನಲಿ. ದೊಡ್ಡ ಅಂಕಿ ಕಾಣುವ, ಹೊರಟ ಜಾಗಕ್ಕೆ ಮರಳುವ ದಾರಿ ತೋರಿಸುವ ವಾಚು ಕೊಡಿಸಿ. ಮೈಲಿ ತೆಗೆದು ಕಿಲೋಮೀಟರಿಗೆ ಹಾಕಿಕೊಡಿ. ಬಾಗಿಲು ದಾಟಿದ ಕೂಡಲೇ ಸ್ಟಾರ್ಟ್ ಒತ್ತದಿದ್ದರೆ ಮರಳುವ ದಾರಿ ಸಿಗದು. ಹಾಗಾಗಿ ನಾಲ್ಕು ದಿನ ಜೊತೆಗೆ ನಡೆದು ಅಭ್ಯಾಸ ಮಾಡಿಸಿ. ಬಿದ್ದರೆ ಮಕ್ಕಳಿಗೆ ಸುದ್ದಿ ಕಳಿಸುವ ವಾಚುಗಳಲ್ಲಿ ಹೆಚ್ಚಿನವಕ್ಕೆ ಹತ್ತಿರದಲ್ಲಿ ಫೋನ್ ಬೇಕು. ಫೋನ್ ಇಲ್ಲದೆ ಕೆಲಸ ಮಾಡುವಂಥವಕ್ಕೆ ತಿಂಗಳ ಶುಲ್ಕವಿದೆ. ಇಷ್ಟೆಲ್ಲ ಇದ್ದರೂ ಮನೆ ವಿಳಾಸ, ನಿಮ್ಮ ಫೋನ್ ನಂಬರು ಬರೆದ ಒಂದು ಚೀಟಿ ಜೇಬಿನಲ್ಲಿರಲಿ. ಚೀಟಿಗೆ ಬ್ಯಾಟರಿ ಬೇಕಿಲ್ಲ.

ನಾಡಿ ಬಡಿತದ ಬಗ್ಗೆ ಎರಡು ಮಾತು. ಮಣಿಕಟ್ಟಿನ ಮೂಳೆಗಿಂತ ಸ್ವಲ್ಪ ಮೇಲೆ, ಜಾರದಂತೆ ಕಟ್ಟಿದರೆ ಮಾತ್ರ ವಾಚಿನ ಹಸಿರು ದೀಪ ಸರಿಯಾಗಿ ಓದುತ್ತದೆ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ ಎಂಬುದು ಅಂದಾಜಷ್ಟೇ, ನಿಮ್ಮ ದೇಹಕ್ಕೆ ಹತ್ತು-ಹನ್ನೆರಡು ಹೆಚ್ಚುಕಮ್ಮಿ ಇರಬಹುದು. ಬಿಪಿಗೆಂದು ಬೀಟಾ ಬ್ಲಾಕರ್ ಮಾತ್ರೆ ನುಂಗುವವರಲ್ಲಿ ಬಡಿತ ಏರುವುದೇ ಕಡಿಮೆ. ಅವರು ವಾಚಿನ ಬಣ್ಣಬಣ್ಣದ 'ಝೋನ್' ನಂಬಬಾರದು, ವೈದ್ಯರನ್ನು ಕೇಳಬೇಕು. ಎಲ್ಲರಿಗೂ ಒಗ್ಗುವ ಅಳತೆ ಒಂದಿದೆ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಎದೆ ಹಿಂಡಿದಂತಾದರೆ, ತಣ್ಣನೆ ಬೆವರು ಬಂದರೆ ವಾಚು ನೋಡುತ್ತ ನಿಲ್ಲಬೇಡಿ, 911ಕ್ಕೆ ಕರೆ ಮಾಡಿ. ವಾಚು 'ಎಲ್ಲ ಸರಿಯಿದೆ' ಎಂದು ತೋರಿಸಿದರೂ ಸರಿಯೇ.

ಕೊನೆಯದಾಗಿ, ನಡೆದ ದಾರಿಯ ನಕ್ಷೆ ಹಂಚಿಕೊಳ್ಳುವ ಮುನ್ನ ಯೋಚಿಸಿ. ಸ್ಯಾನ್ ಫ್ರಾನ್ಸಿಸ್ಕೋದ್ದೇ ಕಂಪನಿಯಾದ ಸ್ಟ್ರಾವಾ 2017ರಲ್ಲಿ ಪ್ರಕಟಿಸಿದ ನಕ್ಷೆಯಲ್ಲಿ ಸೈನಿಕರು ಓಡಿದ ಗೆರೆಗಳಿಂದ ಸೇನಾ ನೆಲೆಗಳೇ ಬಯಲಾಗಿ, 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ಮನೆಯಲ್ಲಿ ಗುಟ್ಟಿನ ನೆಲೆಯೇನಿಲ್ಲ, ನಿಜ. ಆದರೂ ಮನೆಯಲ್ಲಿ ಯಾವ ಹೊತ್ತಿಗೆ ಯಾರೂ ಇರುವುದಿಲ್ಲ ಎಂದು ಊರಿಗೆಲ್ಲ ಸಾರಬೇಕಾಗಿಲ್ಲ. ಸೆಟ್ಟಿಂಗಿಗೆ ಹೋಗಿ ಮನೆಯ ಸುತ್ತಲ ದಾರಿ ಮರೆಯಾಗುವಂತೆ ಮಾಡಿ.

ಈ ಹಬ್ಬಕ್ಕೆ ವಾಚು ಉಡುಗೊರೆ ಕೊಡುವವರಿಗೆ ನನ್ನದೊಂದು ಸಲಹೆ: ಡಬ್ಬಿಯ ಜೊತೆ ನಿಮ್ಮ ವಾರದ ಒಂದು ಬೆಳಗನ್ನೂ ಸೇರಿಸಿ ಕೊಡಿ. ಒಬ್ಬರೇ ನಡೆಯುವ 30 ನಿಮಿಷ ಉದ್ದ, ಇಬ್ಬರು ಮಾತಾಡುತ್ತ ನಡೆದರೆ ಅದು ಕಾಲುಗಂಟೆ. ಎಲ್ಲರಿಗೂ ದೀಪಾವಳಿ ಮತ್ತು ರಾಜ್ಯೋತ್ಸವದ ಶುಭಾಶಯಗಳು.