ತೋಟ ನೋಡಲು ಬರುವವರೇ, ನುಸಿಯ ಹೊತ್ತು ಕೇಳಿ ಬನ್ನಿ

ಒಂದು ಅಕ್ಟೋಬರಿನಲ್ಲಿ ಬಯಲುಸೀಮೆಯಿಂದ ಬಸ್ಸು ತುಂಬಾ ಕೃಷಿಕರು ನಮ್ಮ ತೋಟಕ್ಕೆ ಬಂದಿದ್ದರು. ಮೂರು ಗಂಟೆಗೆ ಬರುತ್ತೇವೆ ಎಂದವರು ಮುಟ್ಟಿದ್ದು ಐದೂಕಾಲಿಗೆ. ಬೆಳಗ್ಗೆ ಕುಕ್ಕೆಯಲ್ಲಿ ದರ್ಶನ, ಮತ್ತೆ ಊಟ, ದಾರಿಯಲ್ಲಿ ಇನ್ನೆರಡು ಜಾಗ. ಉಳಿದ ಹೊತ್ತು ನಮ್ಮ ತೋಟಕ್ಕೆ. ಪಾನಕ ಕುಡಿದು ಕೆಳಗಿಳಿಯುವಾಗ ಐದೂವರೆ ದಾಟಿತ್ತು.

ಗೊಬ್ಬರದ ಗುಂಡಿಯ ಹತ್ತಿರ ನಿಂತು ನಾನು ವಿವರಿಸಲು ಶುರು ಮಾಡಿದೆ. ಹತ್ತು ನಿಮಿಷ ಆಗಿರಲಿಲ್ಲ, ಒಬ್ಬೊಬ್ಬರೇ ಕಾಲು ಕೊಡವತೊಡಗಿದರು. ಕಿವಿ ಕೆರೆಯುವವರು, ಕುತ್ತಿಗೆಗೆ ಬಾರಿಸಿಕೊಳ್ಳುವವರು. ಒಬ್ಬ ತಾಯಿ ಮಗುವಿನ ಮುಖಕ್ಕೆ ಸೆರಗು ಸುತ್ತಿದರು; ಅಷ್ಟರಲ್ಲಿ ಅದರ ಕಣ್ಣರೆಪ್ಪೆ ಬಾತಿತ್ತು. "ಸಾಕು ಸ್ವಾಮಿ, ಬಸ್ಸು ಹತ್ತೋಣ" ಎಂದರು. ಅವರು ರಾತ್ರಿಯಿಡೀ ಪ್ರಯಾಣ ಮಾಡಿದ್ದು ತೋಡಿಗೆ ಹಾಕಿದ ಕಟ್ಟ ಮತ್ತು ಅಡಿಕೆಯ ಅಡಿಯ ಕೊಕ್ಕೊ ನೋಡಲಿಕ್ಕೆ. ಎರಡನ್ನೂ ನೋಡಲಿಲ್ಲ. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ನಮ್ಮ ಕಡೆ ಕೆಲವರು ಸೊಳ್ಳೆಗೂ ನುಸಿ ಎನ್ನುತ್ತಾರೆ. ನಾನು ಹೇಳುವುದು ಅದಲ್ಲ. ಇದು ಒಂದರಿಂದ ಮೂರು ಮಿಲಿಮೀಟರ್ ಉದ್ದದ ಹುಳ, ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲೂ ನುಸುಳಿ ಬರುತ್ತದೆ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆಗೆ ಅದಕ್ಕೆ ರಕ್ತ ಬೇಕು. ಸೊಳ್ಳೆಯಂತೆ ಸೂಜಿ ಚುಚ್ಚದೆ ಚರ್ಮವನ್ನೇ ಕೊಯ್ದು ಹೀರುತ್ತದೆ. ಹಾಗಾಗಿ ಆ ಉರಿ. ತುರಿಕೆ ಕೆಲವರಿಗೆ ನಾಲ್ಕೈದು ದಿನವಾದರೂ ಬಿಡುವುದಿಲ್ಲ. ಮಲೇರಿಯ ತರುವುದು ಇದಲ್ಲ. ಆದರೆ ಕುರಿಗಳಿಗೆ ನೀಲಿನಾಲಿಗೆ ರೋಗ ಹರಡುವುದು ಇದರ ಜಾತಿಯೇ. ಕುರಿ ಇದ್ದವರು ಮಳೆ ಮುಗಿಯುವ ಕಾಲದಲ್ಲಿ ಜೌಗಿನ ಬದಿ ರೊಪ್ಪ ಹಾಕಬಾರದು.

ಕಣಿವೆ ಎಂದರೆ ಇದಕ್ಕೆ ಅರಮನೆ. ಸೆಗಣಿ ಬೆರೆತ ಒದ್ದೆ ಮಣ್ಣು, ತೋಡಿನ ಕೆಸರು, ಕೊಳೆತ ಸೊಪ್ಪು, ಮರಿಯಾಗಲು ಬೇಕಾದ್ದೆಲ್ಲ ನಾವೇ ಒದಗಿಸಿದ್ದೇವೆ. ಮೂಡುದಿಕ್ಕಿಗೆ ಘಟ್ಟ ಅಡ್ಡ ನಿಂತಿರುವುದರಿಂದ ನಮ್ಮ ತೋಟದ ತಗ್ಗಿಗೆ ಬಿಸಿಲು ಬೀಳುವಾಗ ಒಂಬತ್ತು ಗಂಟೆ. ಅಲ್ಲಿಯವರೆಗೆ ಇಬ್ಬನಿ, ಒಂದೆಲೆ ಅಲುಗುವುದಿಲ್ಲ, ನುಸಿಗೆ ಹಬ್ಬ. ಸಂಜೆ ಅಡಿಕೆಯ ನೆರಳಿನಲ್ಲಿ ಐದಕ್ಕೇ ಮುಸ್ಸಂಜೆ, ಮತ್ತೆ ಹಬ್ಬ. ಅಂಗಳದಲ್ಲಿ ಇನ್ನೂ ಬಿಸಿಲಿರುತ್ತದೆ ನೋಡಿ, ಮೋಸ ಹೋಗುವುದು ಅಲ್ಲೇ. ಹನ್ನೊಂದರ ಮೇಲೆ ಪಡುಗಾಳಿ ಬೀಸತೊಡಗಿದರೆ ಇದರ ಆಟ ನಡೆಯದು, ರೆಕ್ಕೆಗೆ ಅಷ್ಟು ಬಲವಿಲ್ಲ. ಜೋರು ಮಳೆಯಲ್ಲೂ ಹೊರಬೀಳದು. ಮಳೆ ಬಿಟ್ಟು ಬಿಟ್ಟು ಬರುವ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಮ್ಮಲ್ಲಿ ಹೆಚ್ಚು.

ದೂರದ ಸ್ಕಾಟ್ಲೆಂಡಿನ ಬೆಟ್ಟದ ಕಣಿವೆಗಳಲ್ಲಿ ಬೇಸಗೆ ಪೂರ್ತಿ ಇಂಥದ್ದೇ ನುಸಿಯ ಕಾಟ. ಗಾಳಿ ಗಂಟೆಗೆ 10–11 ಕಿಲೋಮೀಟರ್ ದಾಟಿದರೆ ಅದು ಹಾರುವುದಿಲ್ಲವೆಂದು ಅಲ್ಲಿನವರಿಗೆ ಗೊತ್ತು. ಹವಾಮಾನ ವರದಿಯ ಹಾಗೆ ನುಸಿಯ ಮುನ್ಸೂಚನೆಯನ್ನೂ ಪ್ರಕಟಿಸುತ್ತಾರೆ, ಜನ ಅದನ್ನು ನೋಡಿ ಚಾರಣಕ್ಕೆ ಹೊರಡುತ್ತಾರೆ. ನಾವು ನೋಡುವುದು ದರ್ಶನದ ಕ್ಯೂ ಮತ್ತು ಊಟದ ಪಂಕ್ತಿ.

"ಯಾವುದಾದರೂ ಮದ್ದು ಹೊಡೆದುಬಿಡಿ" ಎಂದು ಅಂದು ಬಸ್ಸಿನಲ್ಲಿದ್ದ ಒಬ್ಬರು ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ. ಕೊಕ್ಕೊ ಹೂವಿನ ಪರಾಗ ಅಂಟಂಟು, ಗಾಳಿಗೆ ಹಾರದು. ಜೇನ್ನೊಣಕ್ಕೆ ಆ ಪುಟ್ಟ ಹೂವಿನೊಳಗೆ ಕೆಲಸ ಮಾಡಲು ಬಾರದು. ಆ ಕೆಲಸ ಮಾಡುವುದು ಈ ನುಸಿಯ ಕುಟುಂಬದ್ದೇ ಬೇರೊಂದು ನುಸಿ. ಅದು ನಮ್ಮನ್ನು ಕಚ್ಚುವುದಿಲ್ಲ. ಕೊಳೆತ ಕೊಕ್ಕೊ ಸಿಪ್ಪೆ, ತರಗೆಲೆ ಅದರ ತೊಟ್ಟಿಲು. ಪರಾಗ ಸಿಗದ ಹೂವು ಒಂದೆರಡು ದಿನದಲ್ಲಿ ಉದುರಿಹೋಗುತ್ತದೆ. ನಾನು ಮದ್ದು ಹೊಡೆದರೆ ಕಚ್ಚುವ ನುಸಿ ಯಾವುದು, ಕಾಯಿ ಕಟ್ಟಿಸುವ ನುಸಿ ಯಾವುದು ಎಂದು ಆ ಮದ್ದು ಕೇಳುತ್ತದೆಯೇ? ಅತಿಥಿಗಳ ಒಂದು ಗಂಟೆಯ ಸುಖಕ್ಕೆ ನನ್ನ ವರ್ಷದ ಕೊಕ್ಕೊ ಹೋಗಬೇಕೇ? ಹೊಗೆ ಹಾಕಿ ನೋಡಿದೆ, ಕೆಮ್ಮಿದ್ದು ನಾವೇ. ಬೇವಿನೆಣ್ಣೆ ಬೆರೆಸಿದ ತೆಂಗಿನೆಣ್ಣೆ ಕೈಕಾಲಿಗೆ ಹಚ್ಚಿದರೆ ಸ್ವಲ್ಪ ಹೊತ್ತು ತಡೆಯುತ್ತದೆ, ಬಸ್ಸಿನ ನಲುವತ್ತು ಜನಕ್ಕೆ ಹಚ್ಚುವುದು ಯಾರು?

ಬದಲಿಸಬೇಕಾದ್ದು ಹೊತ್ತನ್ನು. ಈಗ ಯಾರು ಫೋನ್ ಮಾಡಿದರೂ ಮೊದಲು ಹೇಳುತ್ತೇನೆ, ಹನ್ನೊಂದರಿಂದ ಮೂರರೊಳಗೆ ತೋಟ. ಮೈ ಮುಚ್ಚುವ ತಿಳಿ ಬಣ್ಣದ ಬಟ್ಟೆ ಇರಲಿ. ಮಾತು, ಪ್ರಶ್ನೆ ಎಲ್ಲ ಅಂಗಳದಲ್ಲಿ, ಫ್ಯಾನಿನ ಗಾಳಿಯಲ್ಲಿ. ಗೊಬ್ಬರದ ಗುಂಡಿಯ ಹತ್ತಿರ ನಿಂತು ಭಾಷಣವಿಲ್ಲ. ನುಸಿ ಕಡಿಮೆಯೆಂದು ಜನವರಿಯಲ್ಲಿ ಬರುವವರಿಗೆ ಇನ್ನೊಂದು ಮಾತು: ಕಾಡಿನ ಅಂಚಿನ ತರಗೆಲೆಯ ಮೇಲೆ ಕೂತು ಬುತ್ತಿ ಬಿಚ್ಚಬೇಡಿ. ಅದು ಉಣುಗಿನ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದ್ದು.

ಪ್ರವಾಸದ ಪಟ್ಟಿ ಹಾಕುವ ಕಚೇರಿಗಳ ಮೇಲೆ ನನಗೆ ಸಿಟ್ಟಿದೆ. ಪಟ್ಟಿ ತಯಾರಿಸುವವರು ತೋಟದವನಲ್ಲಿ ಒಂದು ಮಾತು ಕೇಳುವುದಿಲ್ಲ. ಅಧ್ಯಯನ ಪ್ರವಾಸ ಎಂದು ಬ್ಯಾನರ್ ಕಟ್ಟಿ, ಅಧ್ಯಯನಕ್ಕೆ ಮುಸ್ಸಂಜೆಯ ಅರ್ಧ ಗಂಟೆ! ರೈತನ ಎರಡು ದಿನದ ಕೆಲಸ ಬಿಡಿಸಿ ಕರೆತಂದ ಮೇಲೆ ಅವನಿಗೆ ಕಲಿಯಲು ಸಿಗಬೇಡವೇ?

ನವೆಂಬರಿಗೆ ಇನ್ನೊಂದು ತಂಡ ಬರುತ್ತದಂತೆ. ಸಂಚಾಲಕರು ಫೋನಿನಲ್ಲಿ "ದರ್ಶನ ಮುಗಿಸಿ ನಾಲ್ಕಕ್ಕೆ" ಎಂದರು. "ಮೊದಲು ತೋಟಕ್ಕೆ ಬನ್ನಿ, ದೇವಸ್ಥಾನ ಸಂಜೆಯೂ ತೆರೆದಿರುತ್ತದೆ" ಎಂದೆ. ಯೋಚಿಸಿ ಹೇಳುತ್ತಾರಂತೆ.