ಬೆಡಗು ಮತ್ತು ಬೇನೆ

ಮಲಪ್ರಭೆಯ ದಂಡೆಯಲ್ಲಿರುವ ಮನೋಳಿಯಂತಹ ನಮ್ಮ ಊರುಗಳಲ್ಲಿ ಸಂಬಂಧ ನೋಡುವಾಗ ಹಿರಿಯರು ಬೆಡಗನ್ನು ತಪ್ಪದೆ ವಿಚಾರಿಸುತ್ತಾರೆ. ಒಂದೇ ಬೆಡಗಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಬೆಡಗು ಬರುವುದು ತಂದೆಯ ಕಡೆಯಿಂದ. ಅಕ್ಕನ ಮಗಳ ಬೆಡಗು ಬೇರೆಯಾದ್ದರಿಂದ ಸೋದರಮಾವನಿಗೆ ಅವಳನ್ನು ತಂದುಕೊಳ್ಳಲು ಅಡ್ಡಿಯಿಲ್ಲ. ವಿಜ್ಞಾನದ ಲೆಕ್ಕದಲ್ಲಾದರೋ ಇವರಿಬ್ಬರ ವಂಶವಾಹಿಗಳಲ್ಲಿ ಸರಾಸರಿ ಕಾಲುಭಾಗ ಒಂದೇ ಮೂಲದಿಂದ ಬಂದವು.

ಸಾಮಾನ್ಯವಾಗಿ ಪ್ರತಿಯೊಂದು ವಂಶವಾಹಿಯೂ ನಮ್ಮಲ್ಲಿ ಜೋಡಿಯಾಗಿರುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದರಲ್ಲಿ ದೋಷವಿದ್ದರೂ ಇನ್ನೊಂದು ಸರಿಯಿದ್ದರೆ ಅನೇಕ ರೋಗಗಳು ತಲೆಯೆತ್ತುವುದಿಲ್ಲ. ಗಂಡಹೆಂಡಿರಿಬ್ಬರೂ ಅದೇ ದೋಷವನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ರೋಗದ ಸಂಭವ. ಇಂತಹ ಕೂಸು ಹುಟ್ಟಿದಾಗ ಸೊಸೆಯೊಬ್ಬಳನ್ನೇ ಹಳಿಯುವ ಮನೆಗಳು ಇಂದಿಗೂ ಇವೆ. ಇದು ಅನ್ಯಾಯ, ಲೆಕ್ಕವೂ ತಪ್ಪು.

ಸೋದರಿಕೆ ಬಿಟ್ಟವರೂ ನಿಶ್ಚಿಂತರಲ್ಲ. ಶತಮಾನಗಳಿಂದ ತಮ್ಮೊಳಗೇ ಕೊಟ್ಟು ತಂದುಕೊಳ್ಳುವ ಸಮುದಾಯದಲ್ಲಿ ಪೂರ್ವಜರ ಒಂದು ದೋಷ ಎಷ್ಟೋ ಮನೆಗಳಿಗೆ ಹಬ್ಬಿರಬಹುದು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳೂ ಹಾರ್ವರ್ಡಿನವರೂ ಕೂಡಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 81 ಸಮುದಾಯಗಳು ಹೀಗೆ ಕೆಲವೇ ಪೂರ್ವಜರ ಗಾಢ ಗುರುತನ್ನು ಹೊತ್ತಿರುವುದು ಕಂಡುಬಂದಿತು. ಅವುಗಳಲ್ಲಿ 14 ಹತ್ತು ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆಯವು. ಇದು ತಿಳಿದರೆ ಪ್ರಯೋಜನವೇನೆಂದು ಕೇಳುವವರಿಗೆ ವೈಶ್ಯರ ಉದಾಹರಣೆ ಸಾಕು. ಅವರಲ್ಲಿ ಕೆಲವರಿಗೆ ಶಸ್ತ್ರಕ್ರಿಯೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿ ಬೇಗ ಇಳಿಯದೆ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಮೊದಲೇ ತಿಳಿದ ವೈದ್ಯರು ಬೇರೆ ಔಷಧಿ ಆರಿಸುತ್ತಾರೆ.

ಇಂತಹ ಭೇದಗಳ ನಕ್ಷೆ ತಯಾರಿಸುವ 'ಜೀನೋಮ್ ಇಂಡಿಯಾ' ಯೋಜನೆ 2020ರಲ್ಲಿ ಆರಂಭವಾಯಿತು. ಅದರ ಮುಂದಾಳತ್ವ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದು. 83 ಸಮುದಾಯಗಳ ಸುಮಾರು 10,000 ಜನರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಕಾರ್ಯ ದೊಡ್ಡದೇ, ಆದರೆ ಸಮುದಾಯಕ್ಕೆ ಸರಾಸರಿ ನೂರಿಪ್ಪತ್ತು ಜನರಷ್ಟೇ ಆಯಿತು. ಅಪರೂಪದ ಬೇನೆಗಳೆಲ್ಲ ಈ ಬಲೆಗೆ ಸಿಕ್ಕಲಾರವು.

ಆದ್ದರಿಂದ ಮನೆತನದಲ್ಲಿ ಬೇನೆಯಿದ್ದವರು ನಿಶ್ಚಯಕ್ಕೆ ಮುಂಚೆ ಅದನ್ನು ಮುಚ್ಚಿಡದೆ, ಎರಡೂ ಕಡೆಯ ಮೂರು ತಲೆಮಾರಿನ ವಿವರ ಬರೆದುಕೊಂಡು ಅನುವಂಶೀಯ ರೋಗಗಳ ತಜ್ಞರನ್ನು ಕಾಣುವುದು ಒಳಿತು. ಎಳವೆಯಲ್ಲೇ ತೀರಿಕೊಂಡ ಕೂಸುಗಳನ್ನೂ ಆ ಪಟ್ಟಿಯಲ್ಲಿ ಸೇರಿಸಬೇಕು. ಅವುಗಳ ನೆನಪು ಹೆಚ್ಚಾಗಿ ಮನೆಯ ಅಜ್ಜಿಯರಿಗೇ ಇರುತ್ತದೆ; ಅವರನ್ನು ಕೂಡಿಸಿಕೊಂಡು ಕೇಳಿರಿ.