ತಂಗಿಯ ಸುದ್ದಿ ಕೇಳಲು ಒಂದು ಟೇಬಲ್ಲಾದರೂ ಬೇಡವೇ?

ಕಳೆದ ವಾರ ಪತ್ರಿಕೆ ಅಚ್ಚಿಗೆ ಹೋದ ಮೇಲೆ ಸಿರುಗುಪ್ಪ ಕಡೆಯ ಹಳ್ಳಿಯ ಹಿರಿಯರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಭತ್ತದ ಗದ್ದೆಯಲ್ಲಿ ಬೆನ್ನು ಬಗ್ಗಿದ ಮನುಷ್ಯ. ಕೈಯಲ್ಲೊಂದು ಚೀಲ, ಚೀಲದಲ್ಲಿ ರೇಷನ್ ಕಾರ್ಡು ಮತ್ತು ಅಂಚು ಸವೆದ ಒಂದು ಫೋಟೋ. "ಪೇಪರ್‌ನಾಗ ಹಾಕ್ರಿ, ನಮ್ಮ ತಂಗಿ ಸಿಗವಲ್ಲಳು" ಎಂದರು. ಕಾಣೆಯಾದವರ ಪ್ರಕಟಣೆ ಇರಬೇಕೆಂದು ನಾವು ಪೆನ್ನು ತೆಗೆದೆವು. ಎಷ್ಟು ದಿನ ಆಯಿತು ಯಜಮಾನರೇ, ಎಂದು ಕೇಳಿದರೆ ಬಂದ ಉತ್ತರ: "ಐವತ್ತು ವರ್ಷದ ಮ್ಯಾಲಾತ್ರಿ."

1972ರ ಬರ. ತಾಯಿ ತೀರಿಹೋಗಿದ್ದಳು. ತಂದೆ ಕೂಲಿ ಹುಡುಕಿಕೊಂಡು ಗುಳೆ ಹೋಗಬೇಕು. ಹನ್ನೆರಡರ ಗಂಡು ಹುಡುಗ ಹೇಗೋ ಜೊತೆಗೆ ನಡೆದಾನು, ನಾಲ್ಕು ವರ್ಷದ ಹೆಣ್ಣು ಕೂಸಿನ ಗತಿ ಏನು? ಸಿಸ್ಟರಮ್ಮನೋರ ಹತ್ತಿರ ಬಿಟ್ಟರೆ ಉಣ್ಣಾಕ ಹಾಕಿ ಓದಿಸ್ತಾರ ಅಂತ ಯಾರೋ ಹೇಳಿದರು. ಬಿಟ್ಟು ಬಂದರು. ಎರಡು ಸಲ ಹೋಗಿ ನೋಡಿಕೊಂಡೂ ಬಂದರು. ಮೂರನೆಯ ಸಲ ಹೋದಾಗ ಮಗುವನ್ನು ಬೇರೆ ಊರಿನ ದೊಡ್ಡ ಮನೆಗೆ ಕಳಿಸಿದ್ದೇವೆ ಎಂದರಂತೆ. ಆ ಊರಿನ ಹೆಸರು ತಂದೆಯ ಬಾಯಿಗೆ ಹೊರಳಲಿಲ್ಲ, ಬರೆದುಕೊಳ್ಳೋಣವೆಂದರೆ ಅಕ್ಷರ ಬರಲಿಲ್ಲ. ಕಥೆ ಅಲ್ಲಿಗೆ ನಿಂತುಹೋಯಿತು.

ಇದನ್ನು ಓದಿದ ಕೂಡಲೇ ಸಿಸ್ಟರುಗಳ ಮೇಲೆ ಕಲ್ಲು ಎತ್ತುವವರು ಸ್ವಲ್ಪ ತಡೆಯಬೇಕು. ಬಳ್ಳಾರಿ ಸೀಮೆಗೆ ಬರ ಹೊಸದಲ್ಲ. 1876ರಿಂದ 78ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಪ್ಪ ಅಮ್ಮ ಸತ್ತು ದಾರಿಯಲ್ಲಿ ಬಿದ್ದಿದ್ದ ಮಕ್ಕಳನ್ನು ಆಗ ಎತ್ತಿಕೊಂಡವರಲ್ಲಿ ಮಿಷನ್‌ನವರೂ ಇದ್ದರು. ಜಾತಿ ಕೇಳದೆ, ಹೆಣ್ಣು ಕೂಸು ಬೇಡವೆನ್ನದೆ ಗಂಜಿ ಕಾಸಿ ಹಾಕಿದ ಸನ್ಯಾಸಿನಿಯರಿಂದ ಬದುಕಿದವರ ಮೊಮ್ಮಕ್ಕಳು ಇವತ್ತು ಟೀಚರಾಗಿ, ನರ್ಸಾಗಿ ನಮ್ಮ ನಡುವೆಯೇ ಇದ್ದಾರೆ. ಆ ಋಣ ಇಲ್ಲವೆನ್ನುವುದು ಸುಳ್ಳು. ಆದರೆ ಅನ್ನ ಹಾಕಿದವರು ಲೆಕ್ಕದ ಪುಸ್ತಕ ತೋರಿಸಬೇಕಾಗಿಲ್ಲ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಕೌಲ್ ಬಜಾರಿನ ಕಿರಾಣಿ ಅಂಗಡಿಯವರು ಹತ್ತು ರೂಪಾಯಿ ಉದ್ರಿಯನ್ನು ಮೂವತ್ತು ವರ್ಷದ ಖಾತೆ ಪುಸ್ತಕದಿಂದ ತೆಗೆದು ತೋರಿಸುತ್ತಾರೆ. ಒಂದು ಮಗು ಯಾವ ಊರಿಗೆ ಹೋಯಿತು ಎಂಬುದು ಅದಕ್ಕಿಂತ ಸಣ್ಣ ಲೆಕ್ಕವೇ?

ಹೊರದೇಶಗಳಲ್ಲಿ ಈ ಲೆಕ್ಕ ಕೇಳುವ ಕಾಲ ಬಂದಾಗಿದೆ. ಐರ್ಲೆಂಡಿನ ಟ್ಯೂಮ್ ಎಂಬ ಊರಿನಲ್ಲಿ ಸಿಸ್ಟರುಗಳು 1925ರಿಂದ 1961ರವರೆಗೆ ತಾಯಿ ಮಕ್ಕಳ ಮನೆಯೊಂದನ್ನು ನಡೆಸಿದ್ದರು. ಅಲ್ಲಿ ಸತ್ತ 796 ಮಕ್ಕಳ ಹೆಸರನ್ನು ಹೊರತಂದವರು ಅದೇ ಸೀಮೆಯ ಗೃಹಿಣಿ ಕ್ಯಾಥರೀನ್ ಕಾರ್ಲೆಸ್. ಮರಣ ದಾಖಲೆಗಳನ್ನು ಸರ್ಕಾರಿ ಕಚೇರಿಯಿಂದ ತೆಗೆಸಿ ಕೂಡಿಸಿದಾಕೆ. 2021ರಲ್ಲಿ ಆ ದೇಶದ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. 2022ರಲ್ಲಿ ಹೊಸ ಕಾಯಿದೆ ಬಂತು: ದತ್ತು ಹೋದವರಿಗೆ ತಮ್ಮ ಜನನ ಪತ್ರ ಪಡೆಯುವುದು ಹಕ್ಕಾಯಿತು. ಜೊತೆಗೆ ಒಂದು ರಿಜಿಸ್ಟರ್ ತೆರೆದರು. ಹುಡುಕುವ ಅಣ್ಣ ಅದರಲ್ಲಿ ಹೆಸರು ಬರೆಸಬಹುದು, ತಂಗಿಯೂ ಬರೆಸಬಹುದು, ನನ್ನ ತಂಟೆಗೆ ಬರಬೇಡಿ ಎನ್ನುವವರೂ ಹಾಗೆಂದೇ ಬರೆಸಬಹುದು. ಸ್ವಿಟ್ಜರ್ಲೆಂಡಿನಲ್ಲಿ ಎರಡು ಪ್ರಾಂತಗಳು 1973ರಿಂದ 2002ರವರೆಗೆ ಭಾರತದಿಂದ ದತ್ತು ಹೋದ ಮಕ್ಕಳ ಕಡತಗಳನ್ನು ತಜ್ಞರಿಂದ ತೆರೆಸಿದವು. 2024ರಲ್ಲಿ ಬಂದ ಆ ವರದಿಯ ಹೆಸರೇ 'ತಾಯಿ ಗೊತ್ತಿಲ್ಲ' ಎಂದು. ಆ ಹೆಸರಿಗಿಂತ ಹೆಚ್ಚಿಗೆ ನಾವೇನು ಹೇಳುವುದಿದೆ?

ನಮ್ಮ ದೇಶದಲ್ಲಿ ಕಾನೂನು ಇಲ್ಲವೆಂದಲ್ಲ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಒಂದು ಕಾಗದದ ಮೇಲೆ 1984ರಲ್ಲಿ ಸುಪ್ರೀಂ ಕೋರ್ಟು ವಿದೇಶಿ ದತ್ತಕಕ್ಕೆ ಕಟ್ಟುಪಾಡು ಹಾಕಿತು. ಬಾಲನ್ಯಾಯ ಕಾಯಿದೆ 2015ರದು. ಅದರ ಕೆಳಗೆ 2022ರ ದತ್ತಕ ನಿಯಮಗಳಿವೆ. ದತ್ತು ಹೋದವರು ಹದಿನೆಂಟು ದಾಟಿದ ಮೇಲೆ ತಮ್ಮ ಬೇರು ಹುಡುಕಲು ತಾವೇ ಅರ್ಜಿ ಹಾಕಬಹುದು ಎಂದು ಅದರಲ್ಲಿದೆ. ಮೂರನೆಯವರು ಹುಡುಕುವಂತಿಲ್ಲ ಎಂದೂ ಅದರಲ್ಲೇ ಇದೆ. ಒಡಹುಟ್ಟಿದ ಅಣ್ಣನೂ ಕಾನೂನಿನ ಕಣ್ಣಿಗೆ ಮೂರನೆಯವನೇ! ಅಂದರೆ ತಂಗಿ ದತ್ತು ಹೋಗಿದ್ದರೆ ಆಕೆ ಕೇಳಬೇಕು, ಈತ ಕಾಯಬೇಕು. ಈತ ಕಾಯುತ್ತಿದ್ದಾನೆಂಬ ಸುದ್ದಿ ಆಕೆಗೆ ಮುಟ್ಟಿಸಲು ದಾರಿಯೇ ಇಲ್ಲ.

ಇನ್ನೊಂದು ಮಾತು. ಆ ಮನೆಗಳಲ್ಲಿ ಬೆಳೆದವರೆಲ್ಲ ದತ್ತು ಹೋದವರಲ್ಲ, ಅನಾಥರೂ ಅಲ್ಲ. ಅಪ್ಪನೋ ಅಮ್ಮನೋ ಬದುಕಿದ್ದು, ಹೊಟ್ಟೆಗಿಲ್ಲದೆ ಬಿಟ್ಟುಹೋದ ಮಕ್ಕಳೂ ಬಹಳ. ಅಲ್ಲೇ ಓದಿ, ಅಲ್ಲೇ ಹೊಲಿಗೆ ಕಲಿತು, ಸಿಸ್ಟರುಗಳೇ ನೋಡಿದ ವರನನ್ನು ಮದುವೆಯಾಗಿ ಹೋದವರು ಇವರು. ದತ್ತಕದ ಕಾಗದವೇ ಇಲ್ಲದ ಇಂಥವರಿಗೆ ದತ್ತಕ ನಿಯಮ ಅನ್ವಯಿಸುವುದೇ ಇಲ್ಲ. ಇವರನ್ನು ಹುಡುಕಲು ಬೇಕಾಗುವುದು ರಿಜಿಸ್ಟರು, ಅದನ್ನು ತೆರೆದು ನೋಡುವ ವ್ಯವಧಾನ.

ರಿಜಿಸ್ಟರು ಎಂದೆವಲ್ಲ, ಅದರ ಬಗ್ಗೆ ಓದುಗರು ತಿಳಿದಿರಬೇಕಾದ ಸಂಗತಿ ಒಂದಿದೆ. ಆ ಹಿರಿಯರಿಗೂ ಇದನ್ನೇ ಹೇಳಿ ಕಳಿಸಿದೆವು. ಕ್ಯಾಥೋಲಿಕ್ ಚರ್ಚಿನಲ್ಲಿ ಜ್ಞಾನಸ್ನಾನ ಕೊಟ್ಟರೆ ಆ ಚರ್ಚಿನ ಪುಸ್ತಕದಲ್ಲಿ ಬರೆಯಲೇಬೇಕು. ತಾರೀಖು, ಹೆಸರು, ತಂದೆ ತಾಯಿ ಗೊತ್ತಿದ್ದರೆ ಅವರದು, ಧರ್ಮತಂದೆ ಧರ್ಮತಾಯಿಯದು. ಮುಂದೆ ಆ ಹುಡುಗಿಯ ಮದುವೆ ಮುಂಬೈಯಲ್ಲೇ ಚರ್ಚಿನಲ್ಲಿ ಆಗಲಿ, ಅಲ್ಲಿಯ ಗುರುಗಳು ಜ್ಞಾನಸ್ನಾನವಾದ ಚರ್ಚಿಗೆ ಸುದ್ದಿ ಕಳಿಸಬೇಕು, ಇಲ್ಲಿಯವರು ಹಳೆಯ ಹೆಸರಿನ ಮುಂದೆ ಅದನ್ನು ಬರೆದುಕೊಳ್ಳಬೇಕು. ಆಕೆ ಸಿಸ್ಟರ್ ಆಗಿ ಕೊನೆಯ ವ್ರತ ತೊಟ್ಟರೂ ಅಷ್ಟೇ. ಇದು ಅವರದೇ ಧರ್ಮಸಭೆಯ ಕಾನೂನು. ಪಾಲಿಸಿದ್ದರೆ, ನಾಲ್ಕು ವರ್ಷದ ಮಗು ಎಲ್ಲಿ ಹೋಗಿ ಮುಟ್ಟಿತು ಎಂಬುದಕ್ಕೆ ಒಂದು ಸಾಲು ಸಿಗುತ್ತದೆ. ಎಲ್ಲ ಮಕ್ಕಳಿಗೂ ಜ್ಞಾನಸ್ನಾನ ಆಗಿರುತ್ತಿತ್ತು ಎಂದಲ್ಲ. ಆಗದವರಿಗೆ ಶಾಲೆಯ ದಾಖಲಾತಿ ಪುಸ್ತಕವಿದೆ, ಟಿ.ಸಿ. ಯಾವ ಊರಿಗೆ ಕೊಟ್ಟರು ಎಂಬುದಿದೆ.

ಹುಡುಕುವವರು ಹೆಸರು ಹಿಡಿದು ಹೋದರೆ ಸಾಲದು. ಹನುಮವ್ವ ಒಳಗೆ ಹೋಗಿ ಮೇರಿಯಾಗಿರಬಹುದು. ಬಿಟ್ಟ ವರ್ಷ, ತಿಂಗಳು, ಬಿಟ್ಟವರ ಹೆಸರು, ಮೈಮೇಲಿನ ಮಚ್ಚೆ ಗಾಯ ಇವನ್ನೆಲ್ಲ ಬರೆದುಕೊಂಡು ಹೋಗಬೇಕು. ಊರಿನ ಲೆಕ್ಕವೂ ನಮ್ಮಲ್ಲಿ ಸರಳವಿಲ್ಲ. 1953ರವರೆಗೆ ನಾವು ಮದ್ರಾಸಿನವರು. ಆ ವರ್ಷ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದವರು ಮೈಸೂರಿಗೆ ಬಂದೆವು. ಬಳ್ಳಾರಿಯ ಕ್ಯಾಥೋಲಿಕ್ ಧರ್ಮಪ್ರಾಂತ್ಯ ಆದದ್ದು 1949ರಲ್ಲಿ, ಅದಕ್ಕೂ ಹಿಂದೆ ಒಂದು ಕಾಲಕ್ಕೆ ಮದ್ರಾಸಿನ ಕೆಳಗಿತ್ತು. 2021ರಲ್ಲಿ ಹೊಸಪೇಟೆ ಕಡೆಯವರು ವಿಜಯನಗರ ಜಿಲ್ಲೆಯಾದರು. ಬಳ್ಳಾರಿ ತಾಲೂಕಿನಲ್ಲಿದ್ದ ಕುರುಗೋಡು ಈಗ ತಾನೇ ತಾಲೂಕು. ಗಡಿ ಬದಲಾದಾಗಲೆಲ್ಲ ಕಡತ ಬಂಡಿ ಹತ್ತುತ್ತದೆ. ಬಂಡಿ ಹತ್ತಿದ ಕಡತ ಇಳಿದ ಬಗ್ಗೆ ಖಾತ್ರಿ ಕೊಡುವ ಗುಮಾಸ್ತರನ್ನು ನಾವಂತೂ ಕಂಡಿಲ್ಲ.

ತಾಯಿಯ ಕಡೆಯಿಂದಲೂ ಯೋಚಿಸಬೇಕು. ಮದುವೆಯಿಲ್ಲದೆ ಹೆತ್ತು, ಊರಿಗೆ ಅಂಜಿ ಕೂಸನ್ನು ಸಿಸ್ಟರುಗಳ ಕೈಗಿತ್ತು ಹೋದವಳು ಇವತ್ತು ಯಾರದೋ ಮನೆಯ ಅಜ್ಜಿ. ಒಂದು ಮಧ್ಯಾಹ್ನ ಬಾಗಿಲು ತಟ್ಟಿ "ನಾನು ನಿನ್ನ ಮಗಳು" ಎಂದರೆ ಆಕೆಯ ಸಂಸಾರದ ಗತಿ? ದೇವದಾಸಿ ಪದ್ಧತಿ ನಿಷೇಧದ ಕಾಯಿದೆ 1982ರಲ್ಲಿ ಬಂದರೂ, ಅದರ ನೋವು ಉಂಡ ಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಇವೆ. ತಂದೆಯ ಹೆಸರು ಕೇಳಿದರೆ ತಲೆ ತಗ್ಗಿಸುವವರಿದ್ದಾರೆ. ಆದ್ದರಿಂದ ಪುಸ್ತಕವನ್ನು ಬೀದಿಗೆ ತೆರೆಯಿರಿ ಎಂದು ನಾವು ಹೇಳುವುದಿಲ್ಲ, ಆ ಫೋಟೋವನ್ನು ಅಚ್ಚು ಹಾಕಲಿಲ್ಲವೂ ಇದಕ್ಕೇ. ಹಿರಿಯರಿಗೆ ಸ್ವಲ್ಪ ಬೇಸರವಾಯಿತು. ಆಮೇಲೆ ಅವರೇ ಅಂದರು: "ಆಕಿ ಅದಾಳೋ ಇಲ್ಲೋ ಅಷ್ಟು ತಿಳಿದ್ರ ಸಾಕ್ರೀ. ನಾನೇನು ಆಕಿ ಮನಿ ಬಾಗಿಲಿಗೆ ಹೋಗಿ ನಿಲ್ಲಲ್ಲ."

ನಾವು ಕೇಳುವುದು ಇಷ್ಟು. ಬಳ್ಳಾರಿಯಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಅಲ್ಲಿ ಒಂದು ಟೇಬಲ್ಲು, ಒಂದು ಪುಸ್ತಕ, ವಾರಕ್ಕೆ ಒಂದು ದಿನ. ಹುಡುಕುವವರು ಬಂದು ಬರೆಸಲಿ, ಆ ಮನೆಗಳಲ್ಲಿ ಬೆಳೆದವರೂ ಬರೆಸಲಿ. ಎರಡೂ ಕಡೆಯ ಸಾಲು ಹೊಂದಿದಾಗ ಮಾತ್ರ, ಇಬ್ಬರ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡು ಭೇಟಿ ಮಾಡಿಸಲಿ. ದತ್ತಕದ ಗುಟ್ಟು ಇದರಿಂದ ಒಡೆಯುವುದಿಲ್ಲ, ಯಾಕೆಂದರೆ ಬಾಯಿ ಬಿಡುವವರು ಅವರವರೇ. ಧರ್ಮಪ್ರಾಂತ್ಯದ ಹಿರಿಯರೂ ತಮ್ಮ ಕಡೆಯಿಂದ ಹಳೆಯ ಪುಸ್ತಕಗಳ ಫೋಟೋ ಪ್ರತಿ ತೆಗೆಸಿಡಲಿ. ಬಳ್ಳಾರಿ ಬಿಸಿಲಿಗೆ ಕಾಗದ ಪುಡಿಯಾಗುತ್ತದೆ, ಮಿಕ್ಕಿದ್ದಕ್ಕೆ ಗೆದ್ದಲಿದೆ. ಅದಕ್ಕಿಂತ ಅವಸರದ ಕೆಲಸ ಇನ್ನೊಂದು: ಆಗ ಮಕ್ಕಳನ್ನು ಎತ್ತಿ ಆಡಿಸಿದ ಸಿಸ್ಟರುಗಳಿಗೆ ಈಗ ಎಂಬತ್ತು, ತೊಂಬತ್ತು. ಪುಸ್ತಕದಲ್ಲಿಲ್ಲದ್ದು ಅವರ ನೆನಪಿನಲ್ಲಿದೆ. ಈ ವರ್ಷ ಕೂತು ಬರೆದುಕೊಳ್ಳದಿದ್ದರೆ ಮುಂದಿನ ವರ್ಷ ಕೇಳಲು ಯಾರಿರುತ್ತಾರೆ?

ಇದನ್ನು ಮತಾಂತರದ ಗದ್ದಲ ಮಾಡಲು ಹವಣಿಸುವವರು ಎರಡೂ ಕಡೆ ಇದ್ದಾರೆಂದು ನಮಗೆ ಗೊತ್ತು. ಒಂದು ಮಾತು ತಿಳಿಸಿಬಿಡುತ್ತೇವೆ. ನಮ್ಮ ಕಚೇರಿಯಲ್ಲಿ ಎರಡು ತಾಸು ಕೂತಿದ್ದ ಆ ಅಣ್ಣ, ತಂಗಿ ಈಗ ಯಾವ ದೇವರಿಗೆ ಕೈಮುಗಿಯುತ್ತಾಳೆ ಎಂದು ಒಂದು ಸಲವೂ ಕೇಳಲಿಲ್ಲ. ಊಟಕ್ಕೆ ಏನು ಮಾಡಿಕೊಂಡಾಳೋ, ಮಕ್ಕಳು ಎಷ್ಟೋ ಎಂದಷ್ಟೇ ಅಂದುಕೊಳ್ಳುತ್ತಿದ್ದರು.

ಅವರು ಹೇಳಿದ ವಿವರಗಳನ್ನು ನಾವು ಒಂದು ಹಾಳೆಯಲ್ಲಿ ಬರೆದುಕೊಟ್ಟೆವು. ಚರ್ಚಿನ ಕಚೇರಿಗೆ ಒಂದು ಪ್ರತಿ, ಘಟಕಕ್ಕೆ ಒಂದು, ಚೀಲಕ್ಕೆ ಒಂದು. ಸಿರುಗುಪ್ಪದ ಕೊನೆ ಬಸ್ಸಿಗೆ ಹೊತ್ತಾಗಿತ್ತು, ಹೊರಟರು. ಘಟಕದವರು ಅರ್ಜಿ ತೆಗೆದುಕೊಂಡರೇ, ಏನು ಹೇಳಿದರು ಎಂಬುದನ್ನು ಇದೇ ಅಂಕಣದಲ್ಲಿ ಬರೆಯುತ್ತೇವೆ.